ಕುಂಚಿಗೆ ಮರೆತ ಹಾಡು

ತೀರ ಹಿಂದಿನ ಮಾತಲ್ಲ, ಮೊನ್ನೆ ಮೊನ್ನೆಯದು. ಏಳು ಕಡಲಿನ ಆಚೆಗಲ್ಲ, ಎರಡೇ ಕಡಲಿನ ಆಚೆಗೆ ಒಂದು ಚಳಿಯ ದೇಶವಿತ್ತಂತೆ. ಅಲ್ಲಿ ಒಂದು ಹಾಡು ಹುಟ್ಟಿತಂತೆ. ಹುಟ್ಟಿದ ಮನೆಯಲ್ಲಿ ಅದು ಕೂರಲಿಲ್ಲ, ಹೊಸ್ತಿಲು ದಾಟಿ ನಡೆದೇಬಿಟ್ಟಿತು. ಮೊದಲ ಗಡಿಯಲ್ಲಿ ಕಾವಲಿನವನು ತಡೆದ. "ನಿನ್ನ ಮಾತು ನಮಗೆ ತಿಳಿಯುವುದಿಲ್ಲ, ಇಲ್ಲೇ ಬಿಚ್ಚಿಟ್ಟು ಹೋಗು" ಎಂದ. ಹಾಡು ತನ್ನ ಮಾತುಗಳನ್ನೆಲ್ಲ ಬಿಚ್ಚಿ ಅವನ ಕೈಗೆ ಕೊಟ್ಟಿತು. ಎರಡನೆಯ ಗಡಿಯವನು ಅದರ ಮೈ ತಡಕಿ ನೋಡಿದ. ಬರೀ ಧಾಟಿ ಸಿಕ್ಕಿತು. ಧಾಟಿಯನ್ನು ಹಿಡಿದಿಡುವುದು ಹೇಗೆಂದು ತಿಳಿಯದೆ ಅವನೂ ಬಿಟ್ಟುಬಿಟ್ಟ. ಹೀಗೆ ಬರಿಮೈಯಲ್ಲಿ ನಡೆದು, ಯಾರು ಬಾಗಿಲು ತೆರೆದರೋ ಅವರು ಕೊಟ್ಟ ಬಟ್ಟೆ ಉಟ್ಟು, ಆ ಹಾಡು ಒಂದು ದಿನ ನಾಗಪುರದ ಅಜನಿಗೆ ಬಂದು, ರೈಲ್ವೆ ಕ್ವಾರ್ಟರ್ಸಿನ ಪಡಸಾಲೆಯಲ್ಲಿ ಮೆಂತ್ಯೆಸೊಪ್ಪು ಸೋಸುತ್ತ ಕೂತಿದ್ದ ಒಬ್ಬ ಮುದುಕಿಯ ಮುಂದೆ ನಿಂತಿತು.

ಇಲ್ಲಿ ಹೂಂ ಅನ್ನಬೇಕು. ನಮ್ಮ ಮನೆಯಲ್ಲಿ ಕೇಳುವವರು ಹೂಂ ಅನ್ನದಿದ್ದರೆ ಕತೆ ಅಲ್ಲೇ ನಿಲ್ಲುತ್ತಿತ್ತು. "ನಿದ್ದಿ ಬಂತೇನ ನಿಂಗ? ರಾಜಕುಮಾರ ಕುದರಿ ಮ್ಯಾಲ ಕುಂತಾನ, ಇಳೀಲೋ ಬ್ಯಾಡೋ?" ಎಂದು ಅಜ್ಜಿ ಕೇಳುತ್ತಿದ್ದಳು. ನಾನು ಅರೆನಿದ್ದೆಯಲ್ಲೇ ಹೂಂ ಎನ್ನುತ್ತಿದ್ದೆ. ಆ ರಾಜಕುಮಾರರೆಲ್ಲ ನನ್ನ ಹೂಂಗಳ ಮೇಲೆಯೇ ಊರು ಸೇರಿದವರು.

ಆ ಮುದುಕಿ ನನ್ನ ಅಜ್ಜಿ, ಗೌರಮ್ಮ. ಅಪ್ಪನಿಗೆ ಹುಬ್ಬಳ್ಳಿಯಿಂದ ಅಜನಿಯ ಲೋಕೋ ಶೆಡ್‌ಗೆ ವರ್ಗವಾದಾಗ ಒಂದು ಟ್ರಂಕು ಮತ್ತು ಒಂದು ರುಬ್ಬುಗುಂಡಿನ ಜೊತೆ ಬಂದವಳು ಮರಳಿ ಹೋಗಲೇ ಇಲ್ಲ. ಅವಳಿಗೆ ಓದು ಬರಹ ಬರುತ್ತಿರಲಿಲ್ಲ. ಧಾಟಿ ಬರುತ್ತಿತ್ತು. ಗದಗಿನ ಕಡೆ ಅವಳ ಓಣಿಯ ಹೆಂಗಸರು ಹೊಸ ಹಾಡು ಕಟ್ಟುತ್ತಿದ್ದದ್ದೇ ಹಾಗಂತೆ. ಕಿವಿಗೆ ಬಿದ್ದ ಯಾವುದೋ ಧಾಟಿಯನ್ನು ಹಿಡಿದು ತಂದು, ಅದರ ಹಳೆಯ ಮಾತು ಕಳಚಿ, ತಮ್ಮ ಮಾತು ಕೂರಿಸುವುದು. ನಾಗಪುರದಲ್ಲಿ ಅವಳಿಗೆ ಧಾಟಿಗಳ ಸುಗ್ಗಿ. ಬೆಳಗಿನ ಕಸದ ಗಾಡಿ ಹಾಡಿಕೊಂಡು ಬರುವ ಧಾಟಿಯಲ್ಲಿ ಅವಳೊಂದು ಗಣಪತಿಯ ಆರತಿ ಕಟ್ಟಿದ್ದಳು. ಪ್ರತಿ ಚೌತಿಯಲ್ಲೂ ಅದನ್ನು ಹಾಡುವಾಗ ಅಪ್ಪ ಕೈ ಮುಗಿದುಕೊಂಡೇ ನಗು ತಡೆಯುತ್ತಿದ್ದ.

ಆ ಚಳಿಯ ದೇಶದ ಹಾಡು ಪಕ್ಕದ ಮನೆಯ ಧನಶ್ರೀಯ ಫೋನಿನಲ್ಲಿ ಬಂತು. ಧನಶ್ರೀ ಮರಾಠಿ ಮನೆಯ ಕಾಲೇಜು ಹುಡುಗಿ, ಅಜ್ಜಿಯ ಬಳಿ ಕೂತು ಕೂತು ಮುರುಕು ಕನ್ನಡ ಕಲಿತವಳು. ಅಷ್ಟರಲ್ಲಾಗಲೇ ಆ ಹಾಡು ಲೋಕವನ್ನೆಲ್ಲ ಕುಣಿಸುತ್ತಿತ್ತು. ಎಸ್ಟೋನಿಯಾದ್ದು ಎಂದಾಗ ಆ ದೇಶ ಎಲ್ಲಿದೆಯೆಂದು ನಮ್ಮ ಕ್ವಾರ್ಟರ್ಸಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹಾಡು ಮಾತ್ರ ಆಟೋದವರಿಗೂ ಗೊತ್ತಿತ್ತು.

"ಸಪ್ನಿ, ಏನಂತಾಳ ಈ ಹುಡುಗಿ?" ಎಂದು ಅಜ್ಜಿ ಕೇಳಿದಳು.

ನಾನು ಫೋನಿನಲ್ಲಿ ಹುಡುಕಿ ಹೇಳಿದೆ. "ನನ್ನ ಕೋಟು ನಿನ್ನ ಮನಿಯಾಗ ಉಳೀತು, ಈಗ ಚಳಿ ಬಂತು, ನಾ ಅದನ್ನ ಕೇಳಂಗಿಲ್ಲ ಅಂತಾಳ. ಪ್ರೀತಿ ಮುರದೈತಿ ಅಜ್ಜಿ."

"ಎಲ್ಲಿ ಮುರದೈತಿ? ಮೈಮ್ಯಾಲಿನ ಅರಬಿ ಬಿಟ್ಟು ಹೋದವರು ತಿರುಗಿ ಬರ್ತಾರ ಬಿಡು," ಎಂದಳು ಅಜ್ಜಿ. ಮೆಂತ್ಯೆಯ ದಂಟು ಮುರಿಯುತ್ತ ಆ ಧಾಟಿಯನ್ನು ಮೂಗಿನಲ್ಲೇ ಎರಡು ಸುತ್ತು ಗುನುಗಿದಳು.

ಆಗ ನನ್ನ ಅಕ್ಕ ನಮ್ರತಾಗೆ ಐದು ತಿಂಗಳು. ಅವಳ ಗಂಡ ಕೌಶಿಕ್ ಮೌದಾದ ವಿದ್ಯುತ್ ಸ್ಥಾವರದಲ್ಲಿದ್ದಾನೆ. ಅವಳು ಹೆರಿಗೆಗೆ ಇಲ್ಲಿಗೇ ಬರುವವಳು. ಹುಟ್ಟುವ ಕೂಸನ್ನು ತೊಟ್ಟಿಲಿಗೆ ಹಾಕಿ ಹೆಸರಿಡುವ ದಿನಕ್ಕೆ ಹಾಡು ಬೇಕಿತ್ತು. ವಾರ ಕಳೆಯುವುದರೊಳಗೆ ಎಸ್ಟೋನಿಯಾದ ಕೋಟು ನಮ್ಮ ಮನೆಯಲ್ಲಿ ಕುಂಚಿಗೆಯಾಯಿತು. ನಮ್ಮ ಕಡೆ ಎಳೆಕೂಸಿನ ತಲೆಗೆ ತೊಡಿಸಿ ಬೆನ್ನ ಮೇಲೆ ಇಳಿಬಿಡುತ್ತಾರಲ್ಲ, ಆ ಬಣ್ಣದ ಕುಂಚಿಗೆ. ಅಜ್ಜಿ ಒಲೆಯ ಮುಂದೆ, ನಲ್ಲಿಯ ಮುಂದೆ, ಕಾಲು ನೀವಿಸಿಕೊಳ್ಳುತ್ತ ಆ ಜೋಗುಳ ಹಾಡಿದಳು. ಹಾಡು ಒಂದು ಪ್ರಶ್ನೆಗೆ ಬಂದು ನಿಲ್ಲುತ್ತಿತ್ತು. ಕುಂಚಿಗೆ ಮರೆತು ಹೊರಟ ಕೂಸನ್ನು ಏನೆಂದು ಕೂಗಲಿ?

"ಮುಂದ?" ಎಂದು ಕೇಳಿದ್ದೆ.

"ಮುಂದ ಹೆಸರು ಬೇಕಲ್ಲ. ಹೆಸರಿಡೋ ದಿನ ಮುಗಸ್ತೇನಿ. ಜಲ್ದಿ ಏನೈತಿ?"

ಅಕ್ಕನಿಗೆ ಏಳು ತುಂಬುವ ಮೊದಲೇ ಒಂದು ಮಧ್ಯಾಹ್ನ ಅಜ್ಜಿ ಊಟ ಮಾಡಿ ಗೋಡೆಗೆ ಒರಗಿದವಳು ಹಾಗೇ ಹೋದಳು. ತಾಟು ತೊಳೆದಿಟ್ಟಿದ್ದಳು. ನಾನು ಆಫೀಸಿನಿಂದ ಬಂದಾಗ ಮನೆಯ ಮುಂದೆ ತುಂಬ ಚಪ್ಪಲಿಗಳಿದ್ದವು. ಒಳಗೆ ಹೋಗಿ ನೋಡಿದೆ. ನೋಡಿ, ಬಂದವರಿಗೆ ಚಹ ಮಾಡಲು ಹಾಲು ಸಾಲುತ್ತದೆಯೇ ಎಂದು ಯೋಚಿಸಿದೆ. ಅಳು ಬರಲಿಲ್ಲ. ಆಮೇಲೂ ಬರಲಿಲ್ಲ. ಹಲ್ಲು ಕೀಳಿಸುವಾಗ ಕೊಟ್ಟ ಇಂಜೆಕ್ಷನ್ನು ಇಳಿಯದೆ ಉಳಿದರೆ ಹೇಗೋ ಹಾಗೆ, ಮುಟ್ಟಿದರೆ ಮುಟ್ಟಿದ್ದು ಗೊತ್ತಾಗುತ್ತಿತ್ತು, ಅಷ್ಟೇ.

ಹತ್ತನೆಯ ದಿನದ ಕಾರ್ಯ ಕನ್ಹಾನ್ ನದಿಯ ದಂಡೆಯಲ್ಲಿ. ಪಿಂಡ ಇಟ್ಟು ದೂರ ಸರಿದು ನಿಂತೆವು. ಕಾಗೆ ಬಂತು. ಕಲ್ಲಿನ ಮೇಲೆ ಕೂತಿತು. ಪಿಂಡ ಮುಟ್ಟಲಿಲ್ಲ.

ಕಾಗೆ ಮುಟ್ಟದಿದ್ದರೆ ಹೋದವರ ಜೀವ ಎಲ್ಲೋ ಸಿಕ್ಕಿಕೊಂಡಿದೆ ಎಂದು ಅರ್ಥ. ಆಗ ಮನೆಯವರು ಒಬ್ಬೊಬ್ಬರಾಗಿ ಮುಂದೆ ಹೋಗಿ, ಅವರ ಆಸೆ ಯಾವುದಿತ್ತೋ ಊಹಿಸಿ, ಅದನ್ನು ನಾವು ಮಾಡುತ್ತೇವೆ ಎಂದು ಮಾತು ಕೊಡಬೇಕು. ಸರಿಯಾದ ಮಾತಿಗೆ ಕಾಗೆ ಇಳಿಯುತ್ತದೆ.

ಅಪ್ಪ ಕೈ ಮುಗಿದ. "ಅವ್ವಾ, ಊರಿನ ದ್ಯಾವರಿಗೆ ಎಲ್ಲಾರೂ ಹೋಗಿ ಬರ್ತೇವಿ." ಕಾಗೆ ಕೊಕ್ಕು ತಿಕ್ಕಿಕೊಂಡಿತು.

ಅವ್ವ ಹೇಳಿದಳು. "ಅತ್ತಿ, ನಮ್ರತಾನ ಬಾಣಂತನ ಬರೋಬರ್ ಮಾಡ್ತೇನಿ. ಏನೂ ಕಡಿಮಿ ಮಾಡೂದಿಲ್ಲ." ಕಾಗೆ ನದಿ ನೋಡಿತು.

ಸೊಲ್ಲಾಪುರದಿಂದ ಬಂದಿದ್ದ ಕಾಕಾ ಗಂಟಲು ಸರಿ ಮಾಡಿಕೊಂಡು, "ಸ್ವಪ್ನಾನ ಮದಿವಿ ಈ ವರ್ಷಾನ ಮಾಡ್ತೇವಿ ಅವ್ವಾ" ಎಂದ. ಕಾಗೆ ಹಾರಿ ಇನ್ನೂ ದೂರದ ಕಲ್ಲಿಗೆ ಹೋಯಿತು. ಆ ಹತ್ತು ದಿನಗಳಲ್ಲಿ ನನಗೆ ಸ್ವಲ್ಪವಾದರೂ ಸಮಾಧಾನವಾದದ್ದು ಆಗಲೇ.

ಪುರೋಹಿತರು ಗಡಿಯಾರ ನೋಡಿಕೊಂಡರು. ಬಿಸಿಲು ಏರುತ್ತಿತ್ತು. ಅವ್ವ ಮೊಣಕೈಯಿಂದ ತಿವಿದಳು. "ನೀ ಏನರ ಅನ್ನು. ನಿನ್ನ ಮ್ಯಾಲ ಜೀವ ಇತ್ತು ಅವರದು."

ಏನು ಹೇಳಬೇಕೆಂದು ಯೋಚಿಸಿರಲಿಲ್ಲ. ಮರಳು ಬಿಸಿಯಾಗಿ ಅಂಗಾಲು ಸುಡುತ್ತಿತ್ತು. "ಅಜ್ಜೀ, ತೊಟ್ಟಲ ಹಾಡು ನಾ ಮುಗಸ್ತೇನಿ," ಎಂದೆ. "ನಾನ ಹಾಡ್ತೇನಿ."

ಕಾಗೆ ಬಂದು ಪಿಂಡ ಮುಟ್ಟಿತು. ಅಪ್ಪ ಉಸಿರು ಬಿಟ್ಟದ್ದು ಕೇಳಿಸಿತು. ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡು ನನ್ನನ್ನು ನೋಡಿದಳು. ಆ ನೋಟದಲ್ಲಿ ಪ್ರೀತಿಯೂ ಇತ್ತು, ಇನ್ನು ನೀನು ತಪ್ಪಿಸಿಕೊಳ್ಳುವ ಹಾಗಿಲ್ಲ ಎನ್ನುವುದೂ ಇತ್ತು.

ತೊಂದರೆ ಏನೆಂದರೆ, ಆ ಹಾಡು ನನ್ನ ಪಾಲಿಗೆ ಆಗಲೇ ಸತ್ತಿತ್ತು.

ನನ್ನ ಆಫೀಸು ಊರಂಚಿಗೆ ಕಂಪನಿಗಳೇ ತುಂಬಿರುವ ಮಿಹಾನ್‌ನಲ್ಲಿ. ಬೆಳಿಗ್ಗೆ ಕಂಪನಿಯ ಕ್ಯಾಬು ಅಜನಿ ಚೌಕಕ್ಕೆ ಬರುತ್ತದೆ. ಜನ ಇಂಟರ್ನೆಟ್ಟಿಗೆ ಹಾಕುವ ವೀಡಿಯೋಗಳಲ್ಲಿ ಬೇರೆಯವರ ಹಾಡು ಇದೆಯೋ ಇಲ್ಲವೋ ನೋಡುವುದು ನಮ್ಮ ಕೆಲಸ. ನೋಡುವುದು ಎಂದೆ, ಆದರೆ ನಮಗೆ ಚಿತ್ರ ತೋರಿಸುವುದಿಲ್ಲ. ಮುಖ ನೋಡಿ ಮನಸ್ಸು ಕರಗಬಾರದೆಂದು ಪರದೆಯ ಮೇಲೆ ಸದ್ದಿನ ಗೆರೆ ಮಾತ್ರ ಓಡುತ್ತದೆ. ಮಷೀನು ಅನುಮಾನಪಟ್ಟದ್ದನ್ನು ನಾವು ಹೆಡ್‌ಫೋನಿನಲ್ಲಿ ಕೇಳಿ, "ಅದೇ" ಅಥವಾ "ಬೇರೆ" ಎಂದು ಒತ್ತಬೇಕು. ಅದೇ ಎಂದರೆ ಆ ವೀಡಿಯೋದ ದನಿ ಅಡಗುತ್ತದೆ. ಕೆಲಸ ಕಲಿತವರಿಗೆ ಎರಡು ಉಸಿರು ಸಾಕು. ಅದಕ್ಕಿಂತ ಹೆಚ್ಚು ಕೇಳುವವರನ್ನು ಅಲ್ಲಿ ಹೊಸಬರು ಎನ್ನುತ್ತಾರೆ.

ಆ ವರ್ಷ ಬರುತ್ತಿದ್ದದ್ದೆಲ್ಲ ಆ ಒಂದೇ ಹಾಡು. ಅದರ ಹಿಂದೆ ಒಮ್ಮೆ ಸಮುದ್ರ, ಒಮ್ಮೆ ಆಡುಗಳ ಕೂಗು, ಒಮ್ಮೆ ಕುಕ್ಕರಿನ ಸೀಟಿ. ಯಾವುದೋ ದೇಶದ ಶಾಲೆಯ ಮಕ್ಕಳು, ಯಾವುದೋ ಆಸ್ಪತ್ರೆಯಲ್ಲಿ ಕೆಮ್ಮುತ್ತ ಹಾಡುವ ಗಂಡಸು. ಮೊದಮೊದಲು ನಾನು ಅವರಿಗೆಲ್ಲ ಮುಖ ಕೊಡುತ್ತಿದ್ದೆ. ಆಡು ಕಾಯುವವಳು ಹಸಿರು ಲಂಗ ಉಟ್ಟಿದ್ದಾಳೆ, ಕೆಮ್ಮುವವನ ಹಾಸಿಗೆ ಕಿಟಕಿಯ ಬಳಿ ಇದೆ. ಆಮೇಲೆ ಮುಖಗಳು ಮುಗಿದುಹೋದವು. ಅದೇ, ಅದೇ, ಅದೇ.

ಪಕ್ಕದ ಕುರ್ಚಿ ಪ್ರೀತಮ್‌ನದು. ಕೊಡಗಿನವನು. ಅವನ ಅಪ್ಪ ಸೈನ್ಯದಲ್ಲಿದ್ದು ದಂಡಿನ ಊರಾದ ಕಾಮ್ಟಿಯಲ್ಲೇ ನೆಲೆಸಿದವರು. ಬೇರೆ ದೇಶದವು ಯಾರ ಪಾಲಿಗಾದರೂ ಬರುತ್ತವೆ, ಕನ್ನಡದವು ಮಾತ್ರ ನಮಗೇ; ಕನ್ನಡದ ಪಾಳಿಗೆ ಇರುವುದು ನಾವಿಬ್ಬರೇ.

"ಏನ್ ಸ್ವಪ್ನಾ, ಕಿವಿ ಇನ್ನೂ ಇದ್ಯಾ?" ಎಂದು ಕೇಳುತ್ತಿದ್ದ. "ನಮ್ಮ ಕಾಮ್ಟೀಲಿ ಮೊನ್ನೆ ಬ್ಯಾಂಡಿನವರೂ ಇದನ್ನೇ ಊದಿದ್ರು. ನಮ್ಮಪ್ಪ ಎದ್ದು ನಿಂತು ಸೆಲ್ಯೂಟ್ ಹೊಡೆಯೋದೊಂದು ಬಾಕಿ."

"ನಂಗ ಅದು ಕೇಳಸೂದಽ ಇಲ್ಲ ಈಗ."

"ಅದಕ್ಕೇ ಪ್ರಮೋಷನ್ ನಿಂಗೇ ಮೊದ್ಲು ಬರೋದು."

ನಿಜವಾಗಿಯೂ ಕೇಳಿಸುತ್ತಿರಲಿಲ್ಲ. ಹಾಡು ಕಿವಿಯಲ್ಲಿ ಬೀಳುತ್ತಿತ್ತು, ಅಲ್ಲಿಂದ ಒಳಗೆ ಹೋಗುತ್ತಿರಲಿಲ್ಲ. ಅಜ್ಜಿಯ ಜೋಗುಳ ನೆನೆಯಲು ಹೋದರೆ ಮೊದಲ ಎರಡು ಸಾಲಿನ ಆಚೆಗೆ ಆ ಎಸ್ಟೋನಿಯಾದ ಹುಡುಗಿಯ ದನಿ ಬಂದು ಮೆತ್ತಿಕೊಳ್ಳುತ್ತಿತ್ತು. ಕೊನೆಯ ಪ್ರಶ್ನೆ ನೆನಪಿತ್ತು, ನಡುವಿನದು ಇಲ್ಲ. ಮುಗಿಸುವ ಸಾಲನ್ನು ಕ್ಯಾಬಿನಲ್ಲಿ ಕೂತು ಕಟ್ಟಿ ನೋಡಿದೆ. ಚಿನ್ನ, ರನ್ನ, ಚಂದ್ರ ಎಂದೆಲ್ಲ ಬಂತು. ಬಾಯಲ್ಲಿ ಹೇಳಿದಾಗ ತಂಗಳು ರೊಟ್ಟಿ ಅಗಿದ ಹಾಗಾಯಿತು. ಹೆಸರಿಡುವ ದಿನಕ್ಕೆ ಇನ್ನೂ ಕಾಲವಿದೆ ಎಂದು ಬಿಟ್ಟೆ.

ಅಕ್ಕ ಹಡೆದಳು. ಹೆಣ್ಣು. ಎತ್ತಿಕೊಂಡೆ, ಬೆಚ್ಚಗಿತ್ತು. ಹೆಸರಿಡುವುದು ಭಾನುವಾರ ಎಂದು ಗೊತ್ತಾಯಿತು.

ಆ ಗುರುವಾರ ಸಂಜೆ ಧನಶ್ರೀ ಫೋನ್ ಹಿಡಿದುಕೊಂಡು ಬಂದಳು. ಮುಖ ಸಣ್ಣದಾಗಿತ್ತು.

"ದೀದಿ, ಅಜ್ಜಿದು ಆವಾಜ್ ಹೋಯ್ತು."

"ಏನು?"

"ನಾನು ವೀಡಿಯೋ ಮಾಡಿದ್ದೆ ಆವಾಗ. ಅಜ್ಜಿ ತೊಟ್ಟಿಲ ಹಾಡು ಹಾಡ್ತಾಳೆ. ಭಾನುವಾರ ಎಲ್ಲಾರಿಗೂ ತೋರಿಸಬೇಕು, ಸರ್‌ಪ್ರೈಸ್ ಅಂತ ಹೋದ ವಾರ ಹಾಕ್ದೆ. ಈಗ ನೋಡು."

ಚಿತ್ರದಲ್ಲಿ ಅಜ್ಜಿ ನಮ್ಮದೇ ಪಡಸಾಲೆಯಲ್ಲಿ ಕೂತಿದ್ದಳು. ತುಟಿ ಅಲ್ಲಾಡುತ್ತಿತ್ತು. ಸದ್ದಿಲ್ಲ. ಕೆಳಗೆ ಸಣ್ಣ ಅಕ್ಷರದಲ್ಲಿ, ಬೇರೆಯವರ ಹಾಡು ಇರುವುದರಿಂದ ದನಿ ತೆಗೆಯಲಾಗಿದೆ ಎಂದು ಬರೆದಿತ್ತು.

"ನಿನ್ನ ಫೋನಿನ್ಯಾಗ ಐತಲ್ಲ?"

"ಜಾಗ ಇರಲಿಲ್ಲ ದೀದಿ. ಅಪ್‌ಲೋಡ್ ಆಯ್ತಲ್ಲ ಅಂತ ಡಿಲೀಟ್ ಮಾಡ್ದೆ."

"ಸುರು ಹೆಂಗ ಮಾಡಿದ್ದಿ? ಅಜ್ಜಿ ಹಾಡೂಕಿಂತ ಮೊದಲ ಏನಿತ್ತು?"

"ಓರಿಜಿನಲ್ ಹಾಡು ಹಚ್ಚಿದ್ದೆ ಥೋಡಾ. ಅಜ್ಜಿಗೆ ಸುರ್ ಸಿಗಲಿ ಅಂತ."

ಹಾಗಾದರೆ ಮೊದಲ ಎರಡು ಉಸಿರಿನಲ್ಲಿ ಅಜ್ಜಿ ಇರಲಿಲ್ಲ. ಎಸ್ಟೋನಿಯಾದ ಹುಡುಗಿ ಇದ್ದಳು. ಕನ್ನಡದ ಪಾಳಿ. ಪ್ರೀತಮ್ ಹೋದ ವಾರವೆಲ್ಲ ಜ್ವರವೆಂದು ಮನೆಯಲ್ಲಿದ್ದ. ಯಾರು ಒತ್ತಿರಬೇಕೆಂದು ಲೆಕ್ಕ ಹಾಕುವ ಅಗತ್ಯವೇ ಇರಲಿಲ್ಲ.

ಅಡುಗೆಮನೆಯಲ್ಲಿ ಅವ್ವ ಬಾಣಂತಿಗೆಂದು ಅಳವಿ ಬೀಜ ಹುರಿಯುತ್ತಿದ್ದಳು. ಹೇಳಿದೆ. "ಅವ್ವಾ, ಅಜ್ಜಿ ದನಿ ಇದ್ದದ್ದೊಂದಽ ವೀಡಿಯೋ ಇತ್ತು. ನಾನಽ ಬಂದ್ ಮಾಡೀನಿ. ಗೊತ್ತಿಲ್ಲದ."

ಅವ್ವ ಹುಟ್ಟು ಆಡಿಸುವುದನ್ನು ನಿಲ್ಲಿಸಲಿಲ್ಲ. ಅಳವಿ ಚಟಪಟ ಅನ್ನುತ್ತಿತ್ತು.

ಒಳಕೋಣೆಯಿಂದ ಅಕ್ಕನ ದನಿ ಬಂತು. "ಚಲೋ ಆತು. ಅವರು ಪಗಾರ ಕೊಟ್ಟು ನಿನ್ನ ಕಿವಿ ಅಲ್ಲೇ ಇಟಗೊಂಡಾರ. ಮನಿಗೆ ಬರೀ ತಲಿ ತರ್ತೀ."

"ನಮ್ರತಾ, ಸುಮ್ಕಿರು, ಹಸೀ ಮೈ," ಎಂದಳು ಅವ್ವ. ಆಮೇಲೆ ಒಲೆ ಆರಿಸಿ ನನ್ನ ಕಡೆ ತಿರುಗಿದಳು. "ದನಿ ಹೋತು. ಮಾತು ಹೋಗಿಲ್ಲಲ್ಲ? ಕಾಗಿ ಮುಟ್ಟೇತಿ ಸ್ವಪ್ನಾ. ಐತ್ವಾರ ನೀ ಹಾಡಲಿಲ್ಲಂದ್ರ ಅವರು ಎಲ್ಲಿ ಹೋಗಬೇಕು? ಅಲ್ಲೇ ನದೀ ದಂಡಿ ಮ್ಯಾಲ ಕುಂತಿರಬೇಕೇನ?"

ಕನ್ಹಾನ್‌ನ ಆ ಕಲ್ಲಿನ ಮೇಲೆ ಅಜ್ಜಿ ಕಾಲು ಚಾಚಿ ಕೂತು, ಹೋಗಿ ಬರುವ ಲಾರಿಗಳ ಹಾರ್ನು ಕೇಳುತ್ತ ಕಾಯುತ್ತಿರುವುದು ಕಣ್ಣಿಗೆ ಕಟ್ಟಿತು. ಎಷ್ಟೋ ತಿಂಗಳ ಮೇಲೆ ನನ್ನ ತಲೆಯೊಳಗೆ ತಾನಾಗಿ ಬಂದ ಮೊದಲ ಚಿತ್ರ ಅದು. ಆದರೂ ಎದೆಯಲ್ಲಿ ಏನೂ ಆಗಲಿಲ್ಲ.

ಮರುದಿನ ಪ್ರೀತಮ್‌ಗೆ ಹೇಳಿದಾಗ ಅವನು ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟ.

"ನಿನ್ನ ತಪ್ಪೇನಿಲ್ಲ ಬಿಡು. ರೂಲ್ಸ್ ಪ್ರಕಾರ ಅದು ಅದೇ ಹಾಡು."

"ಅಜ್ಜಿದು ಅದೂ ಅಲ್ಲ, ಬ್ಯಾರೇನೂ ಅಲ್ಲ. ಧಾಟಿ ಅದು."

"ಅದಕ್ಕೆ ಬಟನ್ ಇಲ್ವಲ್ಲ." ಕೀಬೋರ್ಡು ಹತ್ತಿರ ಎಳೆದುಕೊಂಡು ಹೇಳಿದ. "ಮರುಪರಿಶೀಲನೆಗೆ ನಾನು ಹಾಕ್ತೀನಿ. ಮುಂಬೈಗೆ ಹೋಗತ್ತೆ, ಅಲ್ಲಿಂದ ಇನ್ನೆಲ್ಲಿಗೋ. ಕೊಟ್ರೂ ಕೊಡಬಹುದು. ಭಾನುವಾರದೊಳಗಂತೂ ಆಗಲ್ಲ ಸ್ವಪ್ನಾ."

ಶನಿವಾರ ಮಧ್ಯಾಹ್ನ ಕೂಸು ಅಕ್ಕನ ಮಡಿಲಲ್ಲಿ ನಿದ್ದೆ ಹೋಗಿತ್ತು. ಅವ್ವ ತೊಟ್ಟಿಲು ಕೇಳಿ ತರಲು ಧನಶ್ರೀಯ ಮನೆಗೆ ಹೋಗಿದ್ದಳು. ನಾನು ಕಿಟಕಿಯ ಬಳಿ ಕೂತು ಆ ಮೂಕ ವೀಡಿಯೋ ಹಚ್ಚಿದೆ. ಯಾಕೆ ಹಚ್ಚಿದೆನೋ. ಹೆಡ್‌ಫೋನ್ ಇಲ್ಲದೆ, ಹಾಡು ಇಲ್ಲದೆ, ಬರೀ ಚಿತ್ರ. ನನ್ನ ಕೆಲಸದ ಪೂರ್ತಿ ತಿರುಗಾಮುರುಗಾ.

"ಇತ್ತ ಹಿಡಿ," ಎಂದಳು ಅಕ್ಕ. ಬಯ್ದದ್ದಕ್ಕೆ ಅವಳಿಗೂ ಬೇಸರವಾಗಿತ್ತು, ಹೇಳುವವಳಲ್ಲ. "ಯಾವ ಸೀರಿ ಅದು? ಕಡ್ಲಿ ಬಣ್ಣದ್ದಾ?"

"ಹೂಂ."

ಹಾಗೆ ಹೂಂ ಅಂದಾಗ ಅಜ್ಜಿ ಹಾಡು ಶುರು ಮಾಡಿದಳು. ಅಂದರೆ ತುಟಿ ಬಿಚ್ಚಿದಳು. ಮೊದಲ ಎರಡು ಸಾಲು ನನಗೆ ಗೊತ್ತಿದ್ದವು, ತುಟಿ ಅವನ್ನೇ ಹೇಳಿತು. ಬಲಗೈ ಮೊಣಕಾಲಿನ ಮೇಲೆ ತಟ್ಟುತ್ತಿತ್ತು, ಅಲ್ಲಿ ಕೂಸು ಮಲಗಿದೆ ಎನ್ನುವ ಹಾಗೆ. ಮೂರನೆಯ ಸಾಲಿಗೆ ತುಟಿ ಗುಂಡಗಾಯಿತು.

"ಓ... ಓಣಿ," ಎಂದೆ.

"ಓಣಿಯ ಏನೋ. ನಿಲ್ಲಸು, ಹಿಂದ ಹೋಗು." ಅಕ್ಕ ಮುಂದೆ ಬಾಗಿದಳು. "ತುದಿತನಾ. ಓಣಿಯ ತುದಿತನಾ. ನೋಡಲ್ಲೆ, ಹಲ್ಲಿಲ್ಲದ ಬಾಯಿಲೆ ತುದಿ ಅಂತಾಳ."

ಅಜ್ಜಿಗೆ ಮುಂದಿನ ಹಲ್ಲು ಎರಡು ಇರಲಿಲ್ಲ. ತ ಬಂದಾಗಲೆಲ್ಲ ನಾಲಿಗೆಯ ತುದಿ ಆ ಸಂದಿಯಲ್ಲಿ ಇಣುಕುತ್ತಿತ್ತು. ಹಾಗೆ ಇಣುಕಿದ ಕಡೆಯೆಲ್ಲ ನಾವು ತ ಎಂದು ಕೂರಿಸಿದೆವು. ಅಕ್ಕ ತನಗೇ ತಿಳಿಯದೆ ಅಜ್ಜಿಯ ಕೈಯ ಲೆಕ್ಕದಲ್ಲೇ ಮಗಳ ಬೆನ್ನು ತಟ್ಟುತ್ತಿದ್ದಳು. ಆ ತಟ್ಟಿಗೆ ಮಾತು ಒಂದೊಂದಾಗಿ ಬಂದು ಕೂತವು. ಧಾಟಿ ಯಾವಾಗ ಬಂತೋ ನನಗೆ ಗೊತ್ತಾಗಲಿಲ್ಲ. ಬಂದಾಗ ಅದರಲ್ಲಿ ಎಸ್ಟೋನಿಯಾದ ಹುಡುಗಿ ಇರಲಿಲ್ಲ, ಸಮುದ್ರ, ಆಡು, ಕೆಮ್ಮು ಯಾವುದೂ ಇರಲಿಲ್ಲ.

ಕುಂಚಿಗಿ ಮರತು ಹೊಂಟೀಯೇನ ಕಂದಾ,
ಹೊರಗ ಗಾಳಿ ನಿಂತೈತಿ.
ಓಣಿಯ ತುದಿತನ ಬಂದೇನಿ ಹಿಂದ,
ಕೈಯಾಗ ಕುಂಚಿಗಿ ಐತಿ.
ತಿರುಗಿ ನೋಡಂತ ಕೂಗಬೇಕಂದ್ರ
ಏನಂತ ಕೂಗಲಿ ನಾ?

"ಇಲ್ಲಿಗೆ ನಿಂತಳು," ಎಂದಳು ಅಕ್ಕ. "ಮುಂದಿಂದು ನೀ ಕಟ್ಟಬೇಕು. ಕಟ್ಟೀಯೇನ?"

"ಇಲ್ಲ."

"ನಾಳೆ ಐತಿ."

"ತಡಿ, ಇನ್ನೂ ಮುಗದಿಲ್ಲ ಅದು."

ತುಟಿ ಮುಚ್ಚಿತ್ತು. ಕೈ ಮಾತ್ರ ನಿಂತಿರಲಿಲ್ಲ. ಬಾಯಿ ಮುಚ್ಚಿದ ಮೇಲೂ ಅಜ್ಜಿಯ ಕೈ ಮೊಣಕಾಲಿನ ಮೇಲೆ ತಟ್ಟುತ್ತಲೇ ಇತ್ತು, ಸಣ್ಣದೊಂದು ಸುತ್ತು. ಹುಬ್ಬು ಏರಿಸಿ ಫೋನಿನ ಕಡೆ, ಅಂದರೆ ನಮ್ಮ ಕಡೆ, ನೋಡುತ್ತಿದ್ದಳು. ಕತೆಯ ನಡುವೆ ಹೂಂಗಾಗಿ ಕಾಯುತ್ತಿದ್ದ ಅದೇ ಮುಖ. ಆಮೇಲೆ ವೀಡಿಯೋ ಮುಗಿಯಿತು.

ಮತ್ತೆ ಹಚ್ಚಿದೆ. ಮತ್ತೆ ಅದೇ. ಅಲ್ಲಿ ಸಾಲು ಇರಲಿಲ್ಲ. ಯಾರೂ ಕಟ್ಟಬೇಕಾಗಿರಲಿಲ್ಲ. ಚಿನ್ನ, ರನ್ನ ಏನೂ ಬೇಕಿರಲಿಲ್ಲ. ಒಂದು ಹೆಸರು ಕೂರುವಷ್ಟು ಜಾಗ ಬಿಟ್ಟು, ಅದು ಬರುವ ತನಕ ಕೈಯಲ್ಲಿ ತಾಳ ಹಿಡಿದು ಕೂತಿದ್ದಳು.

"ಹೆಸರು ಏನಿಡ್ತೀರಿ?" ಎಂದು ಅಕ್ಕನನ್ನು ಕೇಳಿದೆ.

"ನಂಗೂ ಗೊತ್ತಿಲ್ಲ. ಇವರ ತಂಗಿ ಹರ್ಷಿತಾನ ಇಡಬೇಕಲ್ಲ. ಸೋದರತ್ತಿ ಅಂತ ಭಾಳ ಬಿಗಿ ಮಾಡ್ಯಾಳ. ಇವರಿಗೂ ಹೇಳಿಲ್ಲಂತ."

ಭಾನುವಾರ ಬೆಳಿಗ್ಗೆ ಪಡಸಾಲೆ ತುಂಬಿತು. ಶೆಡ್ಡಿನವರ ಮನೆಯ ಹೆಂಗಸರು, ಮರಾಠಿಯವರು, ಹಿಂದಿಯವರು, ಮೌದಾದಿಂದ ಬಂದ ಬೀಗರು. ಪ್ರೀತಮ್ ಕೂಡ ತನ್ನ ತಾಯಿಯನ್ನು ಕರೆದುಕೊಂಡು ಬಂದು ಬಾಗಿಲ ಬಳಿ ನಿಂತಿದ್ದ. ಹರ್ಷಿತಾ ಹೊಸ ರೇಷ್ಮೆ ಸೀರೆಯಲ್ಲಿ, ಹೆಸರನ್ನು ಬಾಯಲ್ಲೇ ಕಚ್ಚಿ ಹಿಡಿದವಳ ಹಾಗೆ ತುಟಿ ಬಿಗಿದು ಕೂತಿದ್ದಳು.

ನಮ್ಮ ಮನೆಯ ಪದ್ಧತಿಯಲ್ಲಿ ತೊಟ್ಟಿಲಿಗೆ ಮೊದಲು ಕೂಸನ್ನು ಹಾಕುವುದಿಲ್ಲ. ರುಬ್ಬುಗುಂಡಿಗೆ ಎಣ್ಣೆ ಹಚ್ಚಿ, ಅರಿಸಿನ ಕುಂಕುಮ ಇಟ್ಟು, ಬಟ್ಟೆಯಲ್ಲಿ ಸುತ್ತಿ, ಗುಂಡಪ್ಪ ಎಂದು ಕರೆದು ಮಲಗಿಸುತ್ತಾರೆ. ದೃಷ್ಟಿ ಏನಿದ್ದರೂ ಕಲ್ಲಿಗೆ ತಾಗಲಿ ಎಂದು. ಅಜ್ಜಿ ಊರಿನಿಂದ ತಂದ ಅದೇ ಗುಂಡು. ಅವ್ವ ಅದನ್ನು ಎತ್ತಿ ಮಲಗಿಸಿದಾಗ ತೊಟ್ಟಿಲು ಕಿರ್ರೆಂದಿತು.

"ಹಾಡು," ಎಂದಳು ಅವ್ವ. "ಮೊದಲ ಇಂವಗ ಹಾಡು. ತಪ್ಪಿದ್ರೂ ಅಳಂಗಿಲ್ಲ ಇಂವ."

ತೊಟ್ಟಿಲ ಹಗ್ಗ ಹಿಡಿದು ಹಾಡಿದೆ. ನನ್ನ ದನಿ ಚೆನ್ನಾಗಿಲ್ಲ. ಮೊದಲ ಸಾಲಿಗೆ ಧನಶ್ರೀಯ ತಾಯಿ ಪಕ್ಕದವರಿಗೆ, "ಅಗಂ, ಹೇ ತರ್ ತೇಚ್ ಗಾಣಂ" ಎಂದಳು, ಇದು ಅದೇ ಹಾಡಲ್ಲವೇ ಎಂದು. ಹಿಂದಿಯವರೊಬ್ಬರು "ಅರೇ, ವಹೀ ವಾಲಾ" ಎಂದರು. ಅವರಲ್ಲಿ ಒಬ್ಬರಿಗೂ ಮಾತು ತಿಳಿಯಲಿಲ್ಲ, ಧಾಟಿ ಎಲ್ಲರಿಗೂ ಗೊತ್ತಿತ್ತು. ಮೂರನೆಯ ಸಾಲಿಗೆ ಅವರೆಲ್ಲ ಬಾಯಿ ಮುಚ್ಚಿ ಗುನುಗತೊಡಗಿದರು. ಬಾಗಿಲ ಬಳಿ ಪ್ರೀತಮ್‌ನ ತಾಯಿ ಕೂಡ ತಲೆ ತೂಗುತ್ತಿದ್ದರು. ಏನಂತ ಕೂಗಲಿ ನಾ ಎಂದು ನಿಲ್ಲಿಸಿ, ತೊಟ್ಟಿಲ ಅಂಚಿನ ಮೇಲೆ ಕೈ ತಟ್ಟುತ್ತ ಕಾದೆ.

"ಗುಂಡಪ್ಪಾ," ಎಂದಳು ಅವ್ವ, ಧಾಟಿಯಲ್ಲೇ. ಎಲ್ಲರೂ ನಕ್ಕರು. ಕಲ್ಲಿಗೆ ಹೆಸರು ಸರಿಯಾಗಿ ಕೂತಿತು.

ಗುಂಡಪ್ಪನನ್ನು ತೆಗೆದು ಮೂಲೆಗಿಟ್ಟು ಕೂಸನ್ನು ಮಲಗಿಸಿದರು. ತಲೆಗೆ ಕುಂಚಿಗೆ ತೊಡಿಸಿದ್ದರು, ಅಜ್ಜಿ ಅರ್ಧ ಹೊಲಿದು ಬಿಟ್ಟದ್ದು, ಅವ್ವ ಉಳಿದರ್ಧ ಹೊಲಿದದ್ದು. ಎರಡು ಕೈಯ ಹೊಲಿಗೆ ಬೇರೆ ಬೇರೆಯಾಗಿ ಕಾಣುತ್ತಿತ್ತು. ಕೂಸು ಎಚ್ಚರವಿತ್ತು. ನನ್ನನ್ನಲ್ಲ, ಮೇಲೆ ತಿರುಗುತ್ತಿದ್ದ ಫ್ಯಾನು ನೋಡುತ್ತಿತ್ತು.

ಮತ್ತೆ ಹಾಡಿದೆ. ಈ ಸಲ ಗುನುಗುವವರು ಮೊದಲಿನಿಂದಲೇ ಸೇರಿದರು. ಅಳು ಬರಬಹುದು ಎಂದುಕೊಂಡಿದ್ದೆ, ಬರಲಿಲ್ಲ. ಅಂಗೈಗೆ ಹಗ್ಗ ಒರಟಾಗಿ ತಾಗುತ್ತ ಇದ್ದದ್ದು ಗೊತ್ತಾಗುತ್ತಿತ್ತು. ಓಣಿಯ ತುದಿಗೆ ಬಂದೆ, ಕೈಯಲ್ಲಿ ಕುಂಚಿಗೆ ಹಿಡಿದೆ, ತಿರುಗಿ ನೋಡು ಎಂದೆ.

ಏನಂತ ಕೂಗಲಿ ನಾ?

ನಿಲ್ಲಿಸಿದೆ. ಕೈ ತಟ್ಟಿದೆ. ಹರ್ಷಿತಾ ತೊಟ್ಟಿಲೊಳಗೆ ಬಾಗಿ ಕೂಸಿನ ಕಿವಿಯಲ್ಲಿ "ಕುರ್ರ್" ಎಂದಳು. ಪದ್ಧತಿಯಂತೆ ಹೆಂಗಸರೆಲ್ಲ ನಗುತ್ತ ಅವಳ ಬೆನ್ನಿಗೆ ಗುದ್ದಿದರು. ಅವಳು ಗುದ್ದು ತಿನ್ನುತ್ತಲೇ ಹೆಸರು ಹೇಳಿ, ತಲೆಯೆತ್ತಿ ನನಗೂ ಕೇಳುವ ಹಾಗೆ ಇನ್ನೊಮ್ಮೆ ಹೇಳಿದಳು.

ನನ್ನ ಕೈ ಇನ್ನೂ ತಟ್ಟುತ್ತಿತ್ತು. ಜಾಗ ಇನ್ನೂ ಇತ್ತು.

"ಮೃದುಲಾ," ಎಂದು ಹಾಡಿದೆ.

ಕೂಸು ಫ್ಯಾನು ಬಿಟ್ಟು ನನ್ನ ಕಡೆ ನೋಡಿತು. ಹಗ್ಗ ಬಿಟ್ಟೆ.